ಎರಡು ಶ್ರಾವಣಗಳ ನಡುವೆ ಸಿಕ್ಕಿದ ದಾವೆ

ಸಾಹೇಬರು ಕೋಟಿನ ಒಳಜೇಬಿನಿಂದ ತೆಗೆದುಕೊಟ್ಟ ಕಾಗದ ಅಂಗೈಯಷ್ಟಿತ್ತು. ಮಡಿಸಿ ಮಡಿಸಿ ನಡುವೆ ಸವೆದು ಬೆಳಕು ಕಾಣುತ್ತಿತ್ತು. "ತೊಟ್ಟಿಲು ನಲವತ್ತು ಸರಿಯಾಗಿ ಮುಟ್ಟಿದವು, ಬೆಲೆ ಬಾಕಿ ಇರುತ್ತದೆ" ಎಂದು ಒಂದೇ ವಾಕ್ಯ. ಕೆಳಗೆ ಮಾಗಡಿಯ ಗುತ್ತಿಗೆದಾರರೊಬ್ಬರ ರುಜು. ರುಜುವಿನ ಪಕ್ಕದಲ್ಲಿ "ಸೌಮ್ಯ ಸಂ॥ ಶ್ರಾವಣ ಶು॥ ೧೦" ಎಂಬ ತೇದಿ.

ಸಾಹೇಬರು ಚನ್ನಪಟ್ಟಣದವರು. ಬಿಲ್ಲಿನ ಹಗ್ಗ ಸುತ್ತಿ ಮರ ತಿರುಗಿಸಿ ಕಡೆದು, ಅರಗಿನ ಬಣ್ಣ ಹಿಡಿಸುವ ಕಸುಬು ಅವರ ಮನೆತನದ್ದು. ಬೆಂಗಳೂರು ಪೇಟೆಯ ಅಂಗಡಿಗಳಿಗೆ ತೊಟ್ಟಿಲು ಒದಗಿಸುವುದಾಗಿ ಒಪ್ಪಿಕೊಂಡಿದ್ದ ಗುತ್ತಿಗೆದಾರರು ಇವರಿಂದ ಮಾಡಿಸಿಕೊಂಡು ಹೋದವರು ಮತ್ತೆ ಕೈಗೆ ಸಿಕ್ಕಿರಲಿಲ್ಲ. ನಲವತ್ತು ತೊಟ್ಟಿಲನ್ನು ಒಬ್ಬರೇ ಮಾಡಲಾದೀತೆ? ಬೀದಿಯ ಇನ್ನೂ ಐದು ಜನ ಕಡೆಯುವವರಿಗೆ ಸಾಹೇಬರು ಕೆಲಸ ಹಂಚಿದ್ದರು. ಹಣ ಬಂದಿಲ್ಲವೆಂದು ಅವರಿಗೆ ಹೇಳಿ ಹೇಳಿ ಮೂರು ವರ್ಷವಾಗಿತ್ತು.

"ಈದ್ ನಮಾಜಿಗೆ ಅವರ ಪಕ್ಕದಾಗೇ ನಿಂತ್ಕಬೇಕು ಸ್ವಾಮಿ," ಎಂದರು. "ಅವರು ಏನೂ ಕೇಳಾಕಿಲ್ಲ. ಕೇಳ್ದೆ ಇರೋದೇ ನಂಗೆ ಕಷ್ಟ ಆಗದೆ."

ಆಗ ನಾನು ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ವಕೀಲಿ ಸನ್ನದು ಸಿಕ್ಕಿ ವರ್ಷ ತುಂಬಿರಲಿಲ್ಲ. ಹಿರಿಯರು ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋಗುವಾಗ, ಹೊಸ ಕಕ್ಷಿಗಾರರು ಬಂದರೆ ಕಾಗದಪತ್ರ ನೋಡಿ ಕಳಿಸು ಎಂದು ಹೇಳಿದ್ದರು. ಹಾಗೆ ನನ್ನೆದುರು ಮೊದಲು ಕೂತವರು ಈ ಸಾಹೇಬರು. ಅವರ ಹಿಂದೆ ಬಾಗಿಲ ಮರೆಯಲ್ಲಿ ಅವರ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದರು. ರಂಜಾನ್ ಉಪವಾಸ ಶುರುವಾಗಿ ಒಂದು ವಾರವಾಗಿರಬೇಕು. ನೀರು ಬೇಕೆ ಎಂದು ಕೇಳಿ ನಾಲಿಗೆ ಕಚ್ಚಿಕೊಂಡದ್ದು ನೆನಪಿದೆ.

ಮಾಲಿನ ಬೆಲೆಗೆ ದಾವೆ ಹೂಡಲು ಕಾಯಿದೆ ಕೊಡುವುದು ಮೂರು ವರ್ಷ. ಮಾಲು ಮುಟ್ಟಿದ ದಿನದಿಂದ ಎಣಿಕೆ. ಕಕ್ಷಿಗಾರರ ಬಾಯಲ್ಲಿ ಇದಕ್ಕೆ ವಾಯಿದೆ ಎಂದು ಹೆಸರು. ವಾಯಿದೆ ಮೀರಿದರೆ ಸಾಲ ಸಾಲವಾಗಿಯೇ ಉಳಿಯುತ್ತದೆ, ಕೋರ್ಟು ಮಾತ್ರ ಕಿವಿಗೊಡುವುದಿಲ್ಲ. ಕಾಗದದಲ್ಲಿ ಯಾವ ಪಂಚಾಂಗದ ತೇದಿ ಇದ್ದರೂ ಎಣಿಸುವುದು ಇಂಗ್ಲಿಷ್ ಕ್ಯಾಲೆಂಡರಿನ ಪ್ರಕಾರ. ಇಷ್ಟನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ.

ಹಿರಿಯರ ಮೇಜಿನಲ್ಲಿ ಅವರೇ ಬರೆದಿಟ್ಟ ಒಂದು ಪುಸ್ತಕವಿತ್ತು. ಯಾವ ಸಂವತ್ಸರದ ಯಾವ ಮಾಸ ಇಂಗ್ಲಿಷಿನ ಯಾವ ತೇದಿಗೆ ಶುರುವಾಯಿತೆಂದು ಸಾಲುಸಾಲಾಗಿ ಅದರಲ್ಲಿ ಬರೆದಿತ್ತು. ಸೌಮ್ಯ ಸಂವತ್ಸರದ ಪುಟ ತೆಗೆದೆ. ಶ್ರಾವಣ ಶುರುವಾದದ್ದು ಜುಲೈ ನಡುವೆ. ಅಲ್ಲಿಂದ ದಶಮಿಗೆ ಎಣಿಸಿದರೆ ಜುಲೈ ಕೊನೆಯ ವಾರ. ಮೂರು ವರ್ಷ ಕೂಡಿಸಿದೆ. ನಾನು ಕೂತಿದ್ದದ್ದು ಆಗಸ್ಟ್ ಹತ್ತೊಂಬತ್ತರ ಸೋಮವಾರ. ಮೂರು ವಾರ ಕಳೆದುಹೋಗಿತ್ತು.

ಅನುಮಾನ ಪರಿಹಾರಕ್ಕೆಂದು ಸಾಹೇಬರನ್ನೂ ಕೇಳಿದೆ. "ಮಾಲು ಕೊಟ್ಟು ಮೂರು ವರ್ಷ ತುಂಬಿತೇ?"

ಅವರು ಹೆಂಡತಿಯ ಕಡೆ ತಿರುಗಿದರು. ಆಕೆ ಬಾಗಿಲ ಮರೆಯಿಂದಲೇ, "ತುಂಬೋಯ್ತಲ್ಲ. ಶಬೇ ಬರಾತ್ ಹಬ್ಬಕ್ಕೆ ಮುಂಚೆ ಕೊಟ್ಟಿದ್ದು. ಈ ಸಲದ ಶಬೇ ಬರಾತೂ ಕಳೀತು. ಮೂರು ವರ್ಷದ ಮ್ಯಾಕೆ ಮೂರು ವಾರ ಆಗದೆ," ಎಂದರು.

ಪುಸ್ತಕದ ಲೆಕ್ಕವೂ ಆಕೆಯ ಲೆಕ್ಕವೂ ಒಂದೇ ಆಯಿತು. ಇನ್ನೇನು ಬೇಕು? ನನಗೆ ಒಳಗೊಳಗೇ ಒಂದು ಬಗೆಯ ಸಮಾಧಾನವೂ ಆಯಿತೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

"ವಾಯಿದೆ ಮುಗಿದುಹೋಗಿದೆ ಸಾಹೇಬರೇ," ಎಂದೆ. "ಒಂದು ತಿಂಗಳ ಹಿಂದೆ ಬಂದಿದ್ದರೆ ಆಗುತ್ತಿತ್ತು. ಈಗ ಕೋರ್ಟಿಗೆ ಹೋದರೆ ಸ್ಟಾಂಪಿನ ದುಡ್ಡೂ ದಂಡ."

ಅವರು ವಾದಿಸಲಿಲ್ಲ. ಕಾಗದ ಇಸಿದುಕೊಂಡು ಹಳೆಯ ಮಡಿಕೆಯಲ್ಲೇ ಮಡಿಸಿದರು. "ನೀವು ಓದ್ದೋರು," ಎಂದರು. ಇಬ್ಬರೂ ಸ್ಟೇಷನ್ನಿನ ಕಡೆ ನಡೆದರು.

ಮಾರನೆಯ ದಿನ ಮನೆಯಲ್ಲಿ ಅಮ್ಮ ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಚೆಂಬು ಬೆಳಗುತ್ತ ಕೂತಿದ್ದರು. ಹಬ್ಬ ಆ ವಾರದ ಶುಕ್ರವಾರ. ಊಟ ಮಾಡುತ್ತ ನಿನ್ನೆಯ ಸಂಗತಿ ಹೇಳಿದೆ. ಸೌಮ್ಯ ಸಂವತ್ಸರ, ಶ್ರಾವಣ ಎಂದು ಬಾಯಿಂದ ಬಂದದ್ದೇ ತಡ, ಅಮ್ಮ ಕೈ ನಿಲ್ಲಿಸಿದರು.

"ಯಾವ ಶ್ರಾವಣವೋ?"

"ಯಾವುದು ಅಂದರೆ?"

"ಅಲ್ಲಪ್ಪಾ, ಆ ವರ್ಷ ಎರಡು ಶ್ರಾವಣ ಬಂದಿತ್ತಲ್ಲ. ಮೊದಲನೇದು ಅಧಿಕ. ನಿನ್ನ ತಂಗಿಯ ನಿಶ್ಚಿತಾರ್ಥ ಅದಕ್ಕೇ ಒಂದು ತಿಂಗಳು ಮುಂದಕ್ಕೆ ಹೋಗಲಿಲ್ಲವೇ? ಮರೆತುಬಿಟ್ಟೆಯಾ?"

ಕೈ ತೊಳೆದುಕೊಂಡು ಕಛೇರಿಗೆ ಓಡಿದೆ. ಪುಸ್ತಕದಲ್ಲಿ ಶ್ರಾವಣದ ಸಾಲಿನ ತಲೆಯ ಮೇಲೆ ಚಿಕ್ಕದೊಂದು "ಅ" ಇತ್ತು. ಮಸಿಯ ಕಲೆ ಎಂದುಕೊಂಡಿದ್ದೆ. ಅದರ ಕೆಳಗಿನ ಸಾಲು ಭಾದ್ರಪದದ್ದು, ಅದು ಶುರುವಾದದ್ದು ಸೆಪ್ಟೆಂಬರಿನಲ್ಲಿ. ನಡುವೆ ಒಂದು ಇಡೀ ತಿಂಗಳು ಬಿಟ್ಟುಹೋಗಿದೆಯಲ್ಲ ಎಂದು ನೋಡುವಷ್ಟು ತಾಳ್ಮೆ ನನಗಿರಲಿಲ್ಲ. ನಿಜ ಶ್ರಾವಣದ ತೇದಿಯನ್ನು ಹಿರಿಯರು ಅಂಚಿನಲ್ಲಿ ಅಡ್ಡಲಾಗಿ ಬರೆದಿದ್ದರು. ಜಾಗ ಸಾಲದೆ ಹಾಗೆ ಬರೆದಿರಬೇಕು.

ಕಾಗದದ ಶ್ರಾವಣ ಅಧಿಕವಾಗಿದ್ದರೆ ವಾಯಿದೆ ಮುಗಿದಿತ್ತು. ನಿಜವಾಗಿದ್ದರೆ ಮುಂದಿನ ಸೋಮವಾರದವರೆಗೆ ಸಮಯವಿತ್ತು. ಕಾಗದದಲ್ಲಿ ಅಧಿಕವೆಂದೂ ಇರಲಿಲ್ಲ, ನಿಜವೆಂದೂ ಇರಲಿಲ್ಲ. ನನ್ನ ತಲೆಯಲ್ಲಿ ಎರಡೂ ಒಂದರ ಮೇಲೊಂದು ಬಿದ್ದು, ಎಣಿಸಿದಷ್ಟೂ ಬೇರೆ ಬೇರೆ ಉತ್ತರ ಬರತೊಡಗಿತು.

ಮಧ್ಯಾಹ್ನದ ರೈಲಿಗೆ ಚನ್ನಪಟ್ಟಣಕ್ಕೆ ಹೋದೆ. ಸಾಹೇಬರ ಮನೆಯಲ್ಲಿ ಹೆಂಡತಿ ಒಬ್ಬರೇ ಇದ್ದರು. ಮರದ ಹೊಟ್ಟಿನ ವಾಸನೆ ಬಾಗಿಲವರೆಗೂ ಬರುತ್ತಿತ್ತು.

"ಅವರು ಮಾಗಡಿಗೆ ಹೋದ್ರು ಸ್ವಾಮಿ. ಬೆಳಿಗ್ಗೆನೇ. ಕಾನೂನು ಮುಗೀತು, ಇನ್ನು ಅವರ ಮನಸ್ಸಿಗೆ ಬಂದಷ್ಟು ಕೊಡ್ಲಿ, ಕಾಗದ ವಾಪಸ್ ಕೊಟ್ಬುಟ್ಟು ಬತ್ತೀನಿ ಅಂತ ಅಂದ್ರು."

ನಾನು ಹೊಸ್ತಿಲಿಂದಲೇ ಹಿಂದಿರುಗಿದೆ. ಕಾಗದ ಕೊಟ್ಟುಬಿಟ್ಟರೆ ಎರಡು ಶ್ರಾವಣವಲ್ಲ, ಹತ್ತು ಶ್ರಾವಣವಿದ್ದರೂ ಉಪಯೋಗವಿಲ್ಲ.

ಬುಧವಾರ ಬೆಳಗಾಗುತ್ತಲೇ ಕ್ಲೋಸ್‌ಪೇಟೆಯಿಂದ ಒಂದು ಜಟಕಾ ಮಾಡಿಕೊಂಡು ಮಾಗಡಿ ದಾರಿ ಹಿಡಿದೆ. ದಾರಿಯುದ್ದಕ್ಕೂ ಹಿಂದಿನ ರಾತ್ರಿ ಸುರಿದ ಮಳೆಯ ಕೆಸರು. ಒಂದು ಕಡೆ ಗಾಲಿ ಹೂತು ಇಳಿದು ತಳ್ಳಬೇಕಾಯಿತು. ಜಟಕಾದವನು, "ಏನ್ ಸ್ವಾಮಿ ಇಷ್ಟು ಅವಸರ, ಯಾರಿಗಾದ್ರೂ ಕಾಯಿಲೆನಾ?" ಎಂದು ಕೇಳಿದ. ಹೌದೆಂದೆ. ವಿವರಿಸಿ ಹೇಳಲು ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಗುತ್ತಿಗೆದಾರರ ಮನೆ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಅದೃಷ್ಟಕ್ಕೆ ಅವರು ಹಿಂದಿನ ದಿನ ಊರಲ್ಲಿರಲಿಲ್ಲ. ಆ ಹೊತ್ತಿಗೆ ತಾನೇ ಬಂದು ಸಾಹೇಬರನ್ನು ಜಗಲಿಯ ಮೇಲೆ ಕೂರಿಸಿಕೊಂಡಿದ್ದರು. ಇಬ್ಬರ ನಡುವೆ ಆ ಕಾಗದ, ಅದರ ಮೇಲೆ ಗಾಳಿಗೆ ಹಾರದಂತೆ ಗುತ್ತಿಗೆದಾರರ ಕನ್ನಡಕದ ಡಬ್ಬಿ. ಸಾಹೇಬರ ಮುಂದೆ ಇಟ್ಟಿದ್ದ ಕಾಫಿ ಮುಟ್ಟದೆ ತಣ್ಣಗಾಗಿ ಕೆನೆ ಕಟ್ಟಿತ್ತು.

ಹೆಸರು ಹೇಳಿಕೊಂಡು, ಕೂರುವ ಮೊದಲೇ, "ಸಾಹೇಬರೇ, ಕಾಗದ ತೆಗೆದುಕೊಳ್ಳಿ," ಎಂದೆ.

ಸಾಹೇಬರು ಗಾಬರಿಯಿಂದ ನನ್ನ ಮುಖ ನೋಡಿದರು. ಗುತ್ತಿಗೆದಾರರು ಕೋಪ ಮಾಡಿಕೊಳ್ಳಲಿಲ್ಲ. ಐವತ್ತು ದಾಟಿದ, ತುಂಬ ಮರ್ಯಾದೆಯ ಮನುಷ್ಯ. "ಬನ್ನಿ ಸ್ವಾಮಿ, ಕೂತ್ಕಳಿ. ಜಗಳ ಏನೂ ಇಲ್ಲ. ಪೇಟೆ ಅಂಗಡಿಯೋನು ನನಗೆ ಕೈ ಎತ್ಬುಟ್ಟ. ನಾನು ಸಾಬ್ರಿಗೆ ಕೈ ಎತ್ದೆ. ಅದು ತಪ್ಪೇಯ. ಈಗ ಕೈಲಾದಷ್ಟು ಒಸಿ ಕೊಟ್ಟು ಮುಗಿಸ್ಕತೀನಿ ಅಂತಿವ್ನಿ," ಎಂದರು.

"ಈ ಕಾಗದ ನೀವು ಬರೆದದ್ದು ಯಾವ ಶ್ರಾವಣದಲ್ಲಿ?" ಎಂದು ಕೇಳಿದೆ. "ಆ ವರ್ಷ ಎರಡಿತ್ತು."

ಅವರು ಡಬ್ಬಿ ಸರಿಸಿ ಕಾಗದ ನೋಡಿದರು, ಸಾಹೇಬರನ್ನು ನೋಡಿದರು. "ಅಧಿಕದಲ್ಲಿ," ಎಂದರು.

"ಖಂಡಿತವಾಗಿಯೇ?"

"ನನ್ನ ಕೈಬರಹ ಸ್ವಾಮಿ. ಅಧಿಕದಲ್ಲೇ."

ಸಾಹೇಬರನ್ನು ಕೇಳಿದೆ. ಅಧಿಕ, ನಿಜ ಎರಡೂ ಅವರಿಗೆ ಗೊತ್ತಿರಲಿಲ್ಲ. ಹಾಗಾದರೆ ಬಾಕಿ ಇರುವುದು ಒಪ್ಪಿಗೆ ಎಂದು ಹೊಸದಾಗಿ ಒಂದು ಸಾಲು ಬರೆದು ರುಜು ಹಾಕಿಕೊಡಿ ಎಂದು ಗುತ್ತಿಗೆದಾರರನ್ನು ಕೇಳಿಕೊಂಡೆ. ವಾಯಿದೆ ಮುಗಿಯುವ ಮೊದಲು ಅಂಥ ರುಜು ಬಿದ್ದರೆ ಆ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತಿತ್ತು. ಅವರು ನಕ್ಕರು. "ಬಾಯಲ್ಲಿ ನೂರು ಸಲ ಒಪ್ಕತೀನಿ. ಬರೆದುಕೊಡಾಕಿಲ್ಲ. ನನಗೂ ಮಕ್ಳು ಅವ್ರೆ."

ಸಾಹೇಬರು ಕಾಗದ ತೆಗೆದುಕೊಂಡು ಎದ್ದರು, ಗುತ್ತಿಗೆದಾರರಿಗೆ ಸಲಾಮು ಮಾಡಿ ನನ್ನ ಹಿಂದೆ ಬಂದು ಜಟಕಾ ಹತ್ತಿದರು. ನಾನು ಅವರ ಕೈಗೆ ಬರುತ್ತಿದ್ದಷ್ಟನ್ನೂ ತಪ್ಪಿಸಿದ್ದೆ. ಅದಕ್ಕೆ ಬದಲಾಗಿ ಕೊಡಲು ನನ್ನಲ್ಲಿ ಏನಿತ್ತು? ಅರ್ಧ ದಾರಿ ಬಂದ ಮೇಲೆ ಧೈರ್ಯ ಮಾಡಿ, ಸೋಮವಾರ ನಾನು ಹೇಳಿದ್ದು ತಪ್ಪಿರಬಹುದು ಎಂದು ಒಪ್ಪಿಕೊಂಡೆ.

"ಈಗ ಹೇಳ್ತಿರೋದು ಸರಿನಾ ಸ್ವಾಮಿ?"

"ಅದೂ ಗೊತ್ತಿಲ್ಲ ಸಾಹೇಬರೇ."

ಅವರು ತಲೆಯಾಡಿಸಿದರು. ಸೂರ್ಯ ಮುಳುಗಿದಾಗ ಜಟಕಾ ನಿಲ್ಲಿಸಿ, ಗಂಟಿನಿಂದ ಖರ್ಜೂರ ತೆಗೆದು ಉಪವಾಸ ಬಿಟ್ಟು, ನನಗೂ ಒಂದು ಕೊಟ್ಟರು. ಅಂದು ದಾರಿಯ ಛತ್ರವೊಂದರಲ್ಲಿ ತಂಗಿ ಗುರುವಾರ ಹೊತ್ತೇರಿದ ಮೇಲೆ ಕ್ಲೋಸ್‌ಪೇಟೆ ಸೇರಿದೆವು.

ಕೋರ್ಟಿನ ಮುಂದಿನ ಹೊಂಗೆಮರದ ಕೆಳಗೆ ಅರ್ಜಿ ಬರೆಯುವವರೊಬ್ಬರು ಕೂರುತ್ತಿದ್ದರು. ಮೂವತ್ತು ವರ್ಷ ಅದೇ ಮರದ ಬುಡದಲ್ಲಿ ಕೂತು ವಕೀಲರಿಗಿಂತ ಹೆಚ್ಚು ಕಾಯಿದೆ ಕಲಿತವರು. ಸಾಹೇಬರನ್ನು ಅಲ್ಲಿ ಕೂರಿಸಿ ಅವರಿಗೆ ಕಾಗದ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದರು.

"ಸಂವತ್ಸರಕ್ಕೂ ಶ್ರಾವಣಕ್ಕೂ ನಡುವೆ ಜಾಗ ನೋಡಿದಿರಾ? ಒಂದು 'ನಿ' ಹಿಡಿಸುತ್ತದೆ. ಒಂದೇ ಅಕ್ಷರ. ಮಸಿ ಹಳೆಯದು ನನ್ನ ಹತ್ತಿರ ಇದೆ," ಎಂದರು, ತೀರ ಸಹಜವಾಗಿ. "ನೀವೇನೂ ಸುಳ್ಳು ಬರೆದ ಹಾಗಲ್ಲ. ಅದು ನಿಜ ಶ್ರಾವಣವೇ ಇದ್ದರೆ, ಅವರು ಬಿಟ್ಟ ಅಕ್ಷರ ನೀವು ತುಂಬಿದಿರಿ ಅಷ್ಟೆ."

ನಾನು ತಕ್ಷಣ ಬೇಡವೆನ್ನಲಿಲ್ಲ. ಬರೆದವರು ಮರೆತದ್ದು ಒಂದು ಅಕ್ಷರ, ನಾನು ಪುಸ್ತಕದಲ್ಲಿ ನೋಡದೆ ಬಿಟ್ಟದ್ದೂ ಒಂದೇ ಅಕ್ಷರ. ನನ್ನಿಂದಾದ ತಪ್ಪನ್ನು ನನ್ನ ಕೈಯಿಂದಲೇ ಸರಿಮಾಡುವುದು ನ್ಯಾಯವೆಂದೇ ಒಂದು ಕ್ಷಣ ತೋರಿತು. ಅವರು ಆಗಲೇ ಲೇಖನಿಯ ಮೊನೆ ಒರೆಸುತ್ತಿದ್ದರು. ನನ್ನನ್ನು ತಡೆದದ್ದು ಧರ್ಮಬುದ್ಧಿ ಎಂದು ಹೇಳಿದರೆ ಹೆಚ್ಚಾದೀತು. ಅದು ನಿಜ ಶ್ರಾವಣವೇ ಎಂದು ನನಗೆ ಗೊತ್ತಿರಲಿಲ್ಲ, ಅಷ್ಟೆ. ಗುತ್ತಿಗೆದಾರರು ಹೇಳಿದ್ದು ಸತ್ಯವಾಗಿದ್ದರೆ? ಅಕ್ಷರ ಬಿದ್ದ ಮೇಲೆ ಮತ್ತೆ ಹುಡುಕುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

"ಬೇಡ," ಎಂದೆ. "ಕಾಗದ ಹೇಗಿದೆಯೋ ಹಾಗೇ ಇರಲಿ. ಮೊದಲು ಯಾವ ತಿಂಗಳು ಅಂತ ತಿಳಿಯೋಣ."

"ತಿಳಿಯೋದು ಹೇಗೆ? ಮೂರು ವರ್ಷದ ಹಿಂದಿನ ಮಾತು," ಎಂದು ಅವರು ಕಾಗದ ವಾಪಸು ಕೊಟ್ಟರು.

ಸಾಹೇಬರ ಜೊತೆ ಮತ್ತೆ ಚನ್ನಪಟ್ಟಣಕ್ಕೆ ಹೋಗಿ ಅವರ ಹೆಂಡತಿಯ ಎದುರು ಕೂತೆ. ಈ ಸಲ ನನಗೆ ಬೇಕಾದ ಉತ್ತರ ಬಾಯಿಗಿಡದೆ, ಅವತ್ತು ಏನೇನಾಯಿತು ಹೇಳಿ ಅಮ್ಮ ಎಂದಷ್ಟೇ ಕೇಳಿದೆ.

"ತೊಟ್ಟಿಲು ಮನೆ ತುಂಬಾ ಇದ್ವು ಸ್ವಾಮಿ. ಮಲಗಾಕೂ ಜಾಗ ಇರಲಿಲ್ಲ. ಗಾಡಿ ಬಂದು ಎಲ್ಲಾ ತುಂಬ್ಕಂಡು, ಈ ಕಾಗದ ಬರ್ಕೊಟ್ಟು ಹೋದ್ರು. ಮನೆ ಖಾಲಿ ಆಯ್ತಲ್ಲ, ಅವತ್ತೇ ನಾನು ಸುಣ್ಣ ಹೊಡ್ದೆ. ಶಬೇ ಬರಾತಿಗೆ ಐದೇ ದಿನ ಇತ್ತು. ಹಬ್ಬಕ್ಕೆ ಸುಣ್ಣ ಹೊಡೀಬೇಕಲ್ಲ, ತೊಟ್ಟಿಲು ಯಾವಾಗ ಹೋದಾವು ಅಂತ ಕಾಯ್ತಿದ್ದೆ."

ಶಬೇ ಬರಾತ್ ಎಂದರೆ ಮುಸಲ್ಮಾನರು ತೀರಿಕೊಂಡ ಹಿರಿಯರನ್ನು ನೆನೆಯುವ ಹಬ್ಬ. ಆ ವರ್ಷ ಅದು ಯಾವ ತಿಂಗಳಲ್ಲಿ ಬಂದಿತ್ತು? ಆಕೆಗೆ ಇಂಗ್ಲಿಷ್ ತಿಂಗಳು ಗೊತ್ತಿರಲಿಲ್ಲ. ಅವರ ಹಬ್ಬಗಳು ವರ್ಷವರ್ಷಕ್ಕೂ ಹಿಂದೆ ಸರಿಯುತ್ತವೆಂದು ನನಗೆ ಗೊತ್ತಿತ್ತು, ಎಷ್ಟು ಸರಿಯುತ್ತವೆಂದು ಗೊತ್ತಿರಲಿಲ್ಲ. ಹಾಗಾದರೆ ಮೂರು ವರ್ಷದ ಮೇಲೆ ಮೂರು ವಾರವಾಯಿತೆಂದು ಆಕೆ ಅಂದು ಹೇಳಿದ್ದು? ಅದು ಯಾರ ವರ್ಷ? ರೈಲಿನಲ್ಲಿ ವಾಪಸು ಬರುವಾಗ ನನ್ನ ಬಳಿ ಮೂರು ಪಂಚಾಂಗ ಸೇರಿ ನಾಲ್ಕು ಕೊನೆಯ ದಿನಗಳಿದ್ದವು: ಇಂಗ್ಲಿಷ್ ಲೆಕ್ಕಕ್ಕೆ ಅಧಿಕದಿಂದ ಒಂದು, ನಿಜದಿಂದ ಒಂದು, ನಮ್ಮ ಪಂಚಾಂಗದಂತೆ ಅಂದಿನ ಶ್ರಾವಣ ದಶಮಿಯೇ ಒಂದು, ಆಕೆಯ ಹಬ್ಬದ ಲೆಕ್ಕದ್ದು ಒಂದು. ಮೂರು ಕಳೆದುಹೋಗಿದ್ದವು ಇಲ್ಲವೆ ಅಂದೇ ಕಳೆಯುತ್ತಿದ್ದವು.

ಶುಕ್ರವಾರ ಪೂಜೆ ಮುಗಿಸಿ ಅಮ್ಮ ಕೈಗೆ ದಾರ ಕಟ್ಟಿಕೊಂಡು ಕೂತಾಗ ನನ್ನ ಗೊಂದಲವನ್ನೆಲ್ಲ ಅವರ ಮುಂದೆ ಸುರಿದೆ. ಅವರು ಕೇಳಿದ್ದು ಒಂದೇ ಮಾತು.

"ಆ ಹಬ್ಬ ಚಂದ್ರನ ಯಾವ ದಿನ ಮಾಡ್ತಾರೆ?"

"ಹದಿನೈದನೇ ದಿನ. ಹುಣ್ಣಿಮೆ."

"ಅವರಿಗೆ ಅಧಿಕಮಾಸ ಉಂಟೋ?"

"ಇಲ್ಲ. ಹನ್ನೆರಡೇ ತಿಂಗಳು."

"ಹಾಗಾದರೆ ಇದರಲ್ಲಿ ಏನು ಕಷ್ಟ? ಈ ಸಲದ ಅವರ ಹುಣ್ಣಿಮೆಯಿಂದ ಹಿಂದಕ್ಕೆ ಎಣಿಸು. ಮೂರು ವರ್ಷಕ್ಕೆ ಮೂವತ್ತಾರು ಹುಣ್ಣಿಮೆ."

ಪೆಟ್ಟಿಗೆಯಿಂದ ಹಳೆಯ ಪಂಚಾಂಗಗಳನ್ನು ಅವರೇ ತೆಗೆದರು. ನಾನು ಪುಟ ತಿರುಗಿಸಿದೆ, ಅವರು ಬೆರಳಿನ ಗೆಣ್ಣುಗಳ ಮೇಲೆ ಎಣಿಸಿದರು. ಮೊದಲ ಸಲ ಮೂವತ್ತಾರನೆಯದು ಎಲ್ಲಿಯೂ ಸೇರದ ಹಾಗೆ ಸೌಮ್ಯದ ಆಷಾಢಕ್ಕೆ, ಅಂದರೆ ತೊಟ್ಟಿಲು ಗಾಡಿ ಹತ್ತುವುದಕ್ಕೂ ಎಷ್ಟೋ ಹಿಂದಕ್ಕೆ ಹೋಯಿತು. ಸೌಮ್ಯದ ಎರಡು ಶ್ರಾವಣದಲ್ಲಿ ನಾನು ಒಂದನ್ನು ಹಾರಿಸಿದ್ದೆ, ಈ ವರ್ಷದ ಎರಡು ಆಷಾಢದಲ್ಲೂ ಒಂದನ್ನು ಹಾರಿಸಿದ್ದೆ. ಮತ್ತೆ ಎಣಿಸಿದೆವು. ಮೂವತ್ತಾರನೆಯ ಹುಣ್ಣಿಮೆ ಸೌಮ್ಯ ಸಂವತ್ಸರದ ನಿಜ ಶ್ರಾವಣದ್ದು. ಮೂರನೆಯ ಸಲವೂ ಅದೇ. ಅದಕ್ಕೆ ಐದು ದಿನ ಮುಂಚೆ ಎಂದರೆ ಶುದ್ಧ ದಶಮಿ.

ಆಕೆ ಹೇಳಿದ್ದೂ ಸರಿಯಾಗಿತ್ತು. ಅವರ ವರ್ಷ ನಮ್ಮ ಇಂಗ್ಲಿಷ್ ವರ್ಷಕ್ಕಿಂತ ಹನ್ನೊಂದು ದಿನದಷ್ಟು ಚಿಕ್ಕದು. ಅವರ ಮೂರು ವರ್ಷ ಒಂದು ತಿಂಗಳು ಮೊದಲೇ ತುಂಬಿತ್ತು. ಕಾಯಿದೆಯ ಮೂರು ವರ್ಷಕ್ಕೆ ಇನ್ನೂ ಮೂರು ದಿನವಿತ್ತು.

ಶನಿವಾರ ಕೋರ್ಟು ತೆರೆಯುವುದಕ್ಕೆ ಮುಂಚೆ ಖಜಾನೆಯ ಮುಂದೆ ನಿಂತು ಸ್ಟಾಂಪು ಕೊಂಡು, ಫಿರ್ಯಾದು ಬರೆದೆ. ವಕಾಲತ್ತಿಗೆ ಸಾಹೇಬರ ಹೆಬ್ಬೆರಳಿನ ಗುರುತು ಹಾಕಿಸಿದೆ. ಶಿರಸ್ತೇದಾರರು ಕಾಗದದ ತೇದಿ ನೋಡಿ, ತಮ್ಮ ಬಳಿಯಿದ್ದ ಪಟ್ಟಿ ತೆಗೆದು, "ಇದು ವಾಯಿದೆ ಮೀರಿದ್ದಲ್ಲವೇನ್ರೀ?" ಎಂದರು. ಎರಡು ಶ್ರಾವಣದ ಸಂಗತಿ ಹೇಳಿದೆ. ಅವರು ಹಣೆ ಉಜ್ಜಿಕೊಂಡು, ಫಿರ್ಯಾದಿನ ಅಂಚಿನಲ್ಲಿ ವಾಯಿದೆಯ ಬಗ್ಗೆ ಸಂಶಯವಿದೆಯೆಂದು ಷರಾ ಬರೆದು, ನಂಬರು ಹಾಕಿ ತೆಗೆದುಕೊಂಡರು. ಹೊರಗೆ ಬಂದಾಗ ಸಾಹೇಬರು ಮುಗೀತಾ ಎಂದು ಕೇಳಿದರು. ಶುರುವಾಯಿತು ಎಂದೆ.

ಆ ಸಲದ ಈದ್ ನಮಾಜಿಗೆ ಅವರು ಬರಿಗೈಯಲ್ಲೇ ಹೋದರು. ಐವರಿಗೂ ಮೊದಲೇ ಹೋಗಿ, ದಾವೆ ಹಾಕಿದ್ದೀನಿ ಎಂದು ಹೇಳಿ ಬಂದಿದ್ದರಂತೆ.

ವಿಚಾರಣೆಗೆ ಬರುವ ಹೊತ್ತಿಗೆ ಚಳಿಗಾಲ ಕಳೆದಿತ್ತು. ಹಿರಿಯರು ಊರಿಗೆ ಬಂದಿದ್ದರೂ, ನೀನೇ ಹೂಡಿದ್ದು ನೀನೇ ನಡೆಸು ಎಂದು ಬಿಟ್ಟರು. ಗುತ್ತಿಗೆದಾರರು ಬೆಂಗಳೂರಿನಿಂದ ವಕೀಲರನ್ನು ಕರೆತಂದಿದ್ದರು. ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿ, ಮಾಲು ಮುಟ್ಟಿದ್ದು ಅಧಿಕ ಶ್ರಾವಣದಲ್ಲೇ ಎಂದು ಹೇಳಿದರು. ನಾನು ಎಷ್ಟು ಕೆದಕಿದರೂ ಅಲ್ಲಾಡಲಿಲ್ಲ.

ಆಮೇಲೆ ಸಾಹೇಬರ ಹೆಂಡತಿ. ಬೆಂಗಳೂರಿನ ವಕೀಲರು ಎದ್ದು ನಿಂತರು.

"ಕನ್ನಡ ತಿಂಗಳು ಗೊತ್ತೇನಮ್ಮಾ?"

"ಇಲ್ಲ."

"ಇಂಗ್ಲಿಷ್ ತಿಂಗಳು?"

"ಇಲ್ಲ."

"ಗಡಿಯಾರ, ಪಂಚಾಂಗ, ಏನೂ ಇಲ್ಲ. ಮೂರು ವರ್ಷದ ಹಿಂದಿನ ದಿನ ಯಾವುದು ಅಂತ ಹೇಗೆ ಹೇಳುತ್ತೀರಿ?"

"ಚಂದ್ರನ್ನ ನೋಡ್ಕಂಡು," ಎಂದರು ಆಕೆ.

ಯಾರೋ ಹಿಂದೆ ನಕ್ಕರು. ಮುನ್ಸೀಫರು ನಗಲಿಲ್ಲ. ಸುಣ್ಣ ಹೊಡೆದದ್ದು, ಹಬ್ಬಕ್ಕೆ ಐದು ದಿನ ಉಳಿದಿದ್ದದ್ದು ಎಲ್ಲವನ್ನೂ ಆಕೆಯಿಂದ ಮತ್ತೊಮ್ಮೆ ಹೇಳಿಸಿ ಬರೆದುಕೊಂಡರು. ನಾನು ಅಮ್ಮನ ಪಂಚಾಂಗಗಳನ್ನು ಮುಂದಿಟ್ಟೆ. ಮುನ್ಸೀಫರೇ ಪುಟ ತಿರುಗಿಸಿ ಎಣಿಸತೊಡಗಿ, ನಡುವೆ ಲೆಕ್ಕ ತಪ್ಪಿ ಶಿರಸ್ತೇದಾರರನ್ನು ಕರೆದರು. ಅವರು ಮೂವತ್ತೈದು ಎಂದರು, ಬೆಂಗಳೂರಿನ ವಕೀಲರು ಮೂವತ್ತೇಳು ಎಂದರು. ಸ್ವಲ್ಪ ಹೊತ್ತು ಕೋರ್ಟಿನಲ್ಲಿದ್ದವರೆಲ್ಲ ಬೆರಳು ಮಡಿಸುತ್ತಿದ್ದರು. ಕೊನೆಗೆ ಮುನ್ಸೀಫರು ಒಂದು ಹಾಳೆಯ ಮೇಲೆ ಹುಣ್ಣಿಮೆಗೊಂದು ಗೀಟು ಎಳೆದು ಮೂವತ್ತಾರಕ್ಕೆ ನಿಲ್ಲಿಸಿದರು.

ವಾದ ಮಾಡುವಾಗ ನನಗೆ ಸ್ವಲ್ಪ ಬಿಸಿ ಏರಿತ್ತು. ಎರಡು ಶ್ರಾವಣವಿದ್ದದ್ದು ಪ್ರತಿವಾದಿಗೆ ಅನುಕೂಲವಾಯಿತು, ಹಣ ಉಳಿಸಿಕೊಳ್ಳಲು ಬೇಕೆಂದೇ ಅಧಿಕವನ್ನು ಆರಿಸಿಕೊಂಡರು, ಪ್ರಮಾಣ ಮಾಡಿ ಸುಳ್ಳು ಹೇಳಿದರು ಎಂದೆ. ತೀರ್ಪು ನಮ್ಮ ಪರವಾಗಿ ಬಂತು. ದಾವೆ ವಾಯಿದೆಯೊಳಗೇ ಇದೆ, ಬೆಲೆ ಮತ್ತು ಖರ್ಚು ಕೊಡತಕ್ಕದ್ದು. ಅದರಲ್ಲಿ ಇನ್ನೊಂದು ವಾಕ್ಯವಿತ್ತು: ಪ್ರತಿವಾದಿಯ ಹೇಳಿಕೆ ತಿಳಿದೂ ಹೇಳಿದ ಸುಳ್ಳೆಂದು ತೋರುತ್ತದೆ. ನನ್ನ ಮಾತುಗಳೇ ತೀರ್ಪಿನಲ್ಲಿ ಸೇರಿದ್ದು ನೋಡಿ ನನಗೆ ಹೆಮ್ಮೆಯಾಯಿತು. ಮನೆಗೆ ಹೋಗಿ ಅಮ್ಮನಿಗೆ ಆ ಸಾಲನ್ನೇ ಎರಡು ಸಲ ಓದಿ ಹೇಳಿದೆ.

ಗುತ್ತಿಗೆದಾರರು ಅಪೀಲು ಹೋಗದೆ ಎರಡು ಕಂತಿನಲ್ಲಿ ಹಣ ಕೋರ್ಟಿಗೆ ಕಟ್ಟಿದರು. ಸಾಹೇಬರು ಐವರನ್ನೂ ಕ್ಲೋಸ್‌ಪೇಟೆಗೇ ಕರೆತಂದು, ಕೋರ್ಟಿನ ಮೆಟ್ಟಿಲ ಮೇಲೆ ಅವರವರ ಪಾಲು ಕೊಟ್ಟರು. ತಮ್ಮ ಪಾಲಿಗೆ ಉಳಿದದ್ದನ್ನು ಹೆಂಡತಿಯ ಕೈಯಲ್ಲಿಟ್ಟು ದೊಡ್ಡದಾಗಿ ಉಸಿರು ಬಿಟ್ಟರು.

ಇದಾಗಿ ಕೆಲವು ತಿಂಗಳ ಮೇಲೆ ಬೆಂಗಳೂರಿಗೆ ಹೋಗಲು ಸ್ಟೇಷನ್ನಿನಲ್ಲಿ ನಿಂತಿದ್ದಾಗ ಗುತ್ತಿಗೆದಾರರು ಕಂಡರು. ಮುಖ ತಿರುಗಿಸಿಕೊಂಡು ಹೋಗುವರೆಂದುಕೊಂಡೆ. ನೇರವಾಗಿ ನನ್ನ ಹತ್ತಿರವೇ ಬಂದರು.

"ದುಡ್ಡು ಕೊಡಬೇಕಿತ್ತು, ಕೊಟ್ಟೆ. ಅದ್ರ ಬಗ್ಗೆ ಮಾತಿಲ್ಲ," ಎಂದರು. "ಒಂದು ಕೇಳ್ಬೇಕಿತ್ತು. ಅವತ್ತು ಸಾಬ್ರು ನಮ್ಮ ಜಗಲಿ ಮೇಲೆ ಕೂತು ಮೊದಲು ಏನಂದ್ರು ಗೊತ್ತಾ ನಿಮಗೆ? 'ನಮ್ಮ ವಕೀಲ್ರು ಲೆಕ್ಕ ಹಾಕಿ ನೋಡಿದ್ರು, ವಾಯಿದೆ ಮುಗದೋಗದೆ, ನಿಮ್ಮ ಮೇಲೆ ನನಗೆ ಜೋರಿಲ್ಲ, ದೇವರು ಮೆಚ್ಚೋ ಹಂಗೆ ಕೊಡಿ' ಅಂದ್ರು."

ಸಾಹೇಬರು ಇದನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಆಮೇಲೆ ನೀವು ಬಂದ್ರಿ. ಯಾವ ಶ್ರಾವಣ ಅಂದ್ರಿ. ನನಗೆ ನೆಪ್ಪೇ ಇರಲಿಲ್ಲ ಸ್ವಾಮಿ. ಎರಡು ಶ್ರಾವಣ ಇದ್ದದ್ದೇ ನೀವು ಹೇಳಿದ ಮ್ಯಾಲೆ ಗ್ಯಾಪ್ಕ ಆಗಿದ್ದು. ವಕೀಲ್ರು ಲೆಕ್ಕ ಹಾಕಿ ಮುಗದದೆ ಅಂದವ್ರೆ, ಹಂಗಾದ್ರೆ ಅಧಿಕವೇ ಇರ್ಬೇಕು ಅಂದ್ಕಂಡೆ. ಒಂದು ಸಲ ಅಂದ್ಕಂಡ ಮ್ಯಾಲೆ ಅದೇ ಕಣ್ಣಿಗೆ ಕಟ್ದಂಗೆ ಆಗೋಯ್ತು. ಅದನ್ನೇ ಪ್ರಮಾಣ ಮಾಡಿ ಹೇಳ್ದೆ. ಈಗ ಊರಲ್ಲಿ ಪಂಚಾಯ್ತಿಗೆ ನನ್ನ ಕರೆಯಾಕಿಲ್ಲ. ತೀರ್ಪಲ್ಲಿ ಬರೆದವ್ರಲ್ಲ, ಸುಳ್ಳುಗಾರ ಅಂತ."

ರೈಲು ಬಂತು. ಅವರು ಹತ್ತುವವರಲ್ಲ, ಯಾರನ್ನೋ ಕರೆದೊಯ್ಯಲು ಬಂದಿದ್ದವರು. ನನ್ನ ಚೀಲವನ್ನು ತಾವೇ ಎತ್ತಿ ಒಳಗಿಟ್ಟು, ಕಿಟಕಿಯ ಬಳಿ ನಿಂತು ಕೇಳಿದರು: "ನಾನು ಸುಳ್ಳು ಹೇಳಿದ್ನಾ ಸ್ವಾಮಿ?"

"ಇಲ್ಲ," ಎಂದೆ. ರೈಲಿನ ಸದ್ದಿನಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಹಿಂದಿರುಗಿದ ಮೇಲೆ ಹಿರಿಯರ ಬಳಿ ಹೋಗಿ, ತೀರ್ಪಿನ ಆ ಒಂದು ವಾಕ್ಯ ತೆಗೆಸಲು ದಾರಿಯಿದೆಯೇ ಎಂದು ಕೇಳಿದೆ. ಅವರು, ಅಪೀಲಿನ ಅವಧಿ ಮುಗಿದಿದೆ, ಗೆದ್ದವನ ವಕೀಲ ಬಂದು ಕೇಳಿಕೊಳ್ಳುವ ವಿಷಯವೂ ಅಲ್ಲ ಎಂದರು. ಮಾಗಡಿಗೆ ಹೋಗಿ ಅವರ ಊರ ಹಿರಿಯರ ಮುಂದೆ ಹೇಳಬೇಕೆಂದು ಎರಡು ಮೂರು ಸಲ ಹೊರಟೆ. ಕಕ್ಷಿಗಾರರ ವಿರುದ್ಧ ಮಾತಾಡಿದಂತಾಗುವುದೋ ಏನೋ ಎಂದು ಗೊಂದಲವಾಗಿ ಪ್ರತಿಸಲವೂ ನಿಂತೆ. ಅಷ್ಟರಲ್ಲಿ ಗುತ್ತಿಗೆದಾರರು ತೀರಿಕೊಂಡ ಸುದ್ದಿ ಬಂತು.

ಆ ಕಡತ ಈಗ ಎಲ್ಲಿದೆಯೋ, ಹುಳು ತಿಂದಿದೆಯೋ ನನಗೆ ತಿಳಿಯದು. ಇದ್ದರೆ ಅದರಲ್ಲಿ ಆ ವಾಕ್ಯವೂ ಇರುತ್ತದೆ. ಅದಕ್ಕೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಾಗಡಿಯ ಗುತ್ತಿಗೆದಾರರು ಸುಳ್ಳು ಹೇಳಲಿಲ್ಲ. ಅವರು ನನ್ನ ಲೆಕ್ಕವನ್ನು ನಂಬಿದರು.